ಸಾಕಿದ ಇಲಿಗೆ ಯಾವ ಕಂಪನಿಯ ಕಾಳಿನ ಮಿಶ್ರಣ ಒಳ್ಳೆಯದು?

ನಿಮ್ಮ ಮನೆಯಲ್ಲಿ ಎರಡು ಹೆಣ್ಣು ಇಲಿ. ಕಾಳಿನ ಮಿಶ್ರಣ ಹಾಕಿದರೆ ಪೆಲೆಟ್ (ಹಿಟ್ಟು ಒತ್ತಿ ಮಾಡಿದ ಗಟ್ಟಿ ಉಂಡೆ) ಮಾತ್ರ ಬಿಟ್ಟು ಮಿಕ್ಕಿದ್ದೆಲ್ಲ ತಿನ್ನುತ್ತವೆ. ಅದಕ್ಕೇ ಇನ್ನೂ ರುಚಿಯಾದ ಕಂಪನಿ ಯಾವುದು ಅಂತ ಕೇಳಿದ್ದೀರಿ. ದಯವಿಟ್ಟು ಕಂಪನಿ ಬದಲಿಸಬೇಡಿ. ಮಿಶ್ರಣವನ್ನೇ ಬಿಡಿ. ನಾನು ಇದೇ ದಾರಿಯಲ್ಲಿ ಹೋಗಿ ಒಂದು ಇಲಿಯನ್ನು ಕಳೆದುಕೊಂಡೆ.

ನನ್ನವು ಪುಟ್ಟಿ, ಕಾಳಿ. ಒಂದೇ ಸೂಲಿನ ಅಕ್ಕತಂಗಿಯರು. ಪುಟ್ಟಿ ಜೋರು, ಕಾಳಿ ಪಾಪದ್ದು. ಅಂಗಡಿಯಲ್ಲಿ ಕೊಟ್ಟ ಪೊಟ್ಟಣದಲ್ಲಿ ಸೂರ್ಯಕಾಂತಿ ಬೀಜ, ಕಡಲೆಬೀಜ, ಜೋಳ, ಜೊತೆಗೆ ಕಂದು ಬಣ್ಣದ ಪೆಲೆಟ್ ಇದ್ದವು. ಹಿಂಭಾಗದಲ್ಲಿ ಪ್ರೋಟೀನ್ ಇಷ್ಟು, ಕ್ಯಾಲ್ಸಿಯಂ ಇಷ್ಟು ಅಂತ ಅಚ್ಚಾಗಿತ್ತು. ಎಲ್ಲ ಸರಿಯಾಗಿಯೇ ಇತ್ತು. ರಾತ್ರಿ ಬಟ್ಟಲು ತುಂಬಿಸುತ್ತಿದ್ದೆ. ಬೆಳಿಗ್ಗೆ ನೋಡಿದರೆ ಬರೀ ಪೆಲೆಟ್ ಉಳಿದಿರುತ್ತಿತ್ತು. ಅಯ್ಯೋ, ಹಸಿದಿರುತ್ತವೆ ಅಂತ ಅದರ ಮೇಲೇ ಇನ್ನೊಂದು ಹಿಡಿ ಸುರಿಯುತ್ತಿದ್ದೆ.

ತಪ್ಪಾಗಿದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ ಅನ್ನಿಸುತ್ತಿದೆ. ಪೊಟ್ಟಣದ ಮೇಲಿನ ಲೆಕ್ಕ ಇಡೀ ಪೊಟ್ಟಣದ್ದು. ಒಂದು ಕಾಳೂ ಬಿಡದೆ ತಿಂದರೆ ಮಾತ್ರ ಆ ಲೆಕ್ಕ ನಿಜ. ಸೇರಿಸಿದ ವಿಟಮಿನ್, ಕ್ಯಾಲ್ಸಿಯಂ ಎಲ್ಲ ಆ ಪೆಲೆಟ್‌ನಲ್ಲೇ ಇತ್ತು. ಅದನ್ನು ಬಿಟ್ಟರೆ ಉಳಿಯುವುದು ಕೊಬ್ಬು ಮತ್ತು ಪಿಷ್ಟ. ಸಿಪ್ಪೆ ಸುಲಿದ ಸೂರ್ಯಕಾಂತಿ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬೇ ಇರುತ್ತದೆ. ಖಾಲಿಯಾದದ್ದನ್ನೇ ನಾನು ಮತ್ತೆ ಮತ್ತೆ ತುಂಬಿಸಿದಾಗ ಅವು ಕಲಿತದ್ದು ಒಂದೇ: ಪೆಲೆಟ್ ಬಿಟ್ಟರೆ ಬೀಜ ಬರುತ್ತದೆ. ನಿಮ್ಮ ಇಲಿಗಳಿಗೆ ಹಟವಿಲ್ಲ. ನಾವೇ ಹಾಗೆ ರೂಢಿ ಮಾಡಿಸಿದ್ದೇವೆ.

ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ಕಂಡಿತು. ಒಂದೇ ಗೂಡಿನಲ್ಲಿ ಎರಡು ಬೇರೆ ಬೇರೆ ಊಟ ನಡೆಯುತ್ತಿತ್ತು. ಪುಟ್ಟಿ ಮೊದಲು ಬಂದು ಒಳ್ಳೆಯ ಬೀಜಗಳನ್ನೆಲ್ಲ ಮೂಲೆಗೆ ಹೊತ್ತೊಯ್ಯುತ್ತಿದ್ದಳು. ಇಲಿಗಳಿಗೆ ಕೂಡಿಡುವ ಗುಣ ಇದೆ, ಹಾಗಾಗಿ ಬಟ್ಟಲು ಖಾಲಿ ಅಂದರೆ ಹೊಟ್ಟೆ ತುಂಬಿದೆ ಅಂತ ಅಲ್ಲ. ಕಾಳಿಗೆ ಮಿಕ್ಕದ್ದು ಸಿಗುತ್ತಿತ್ತು. ಅವಳು ಪೆಲೆಟ್ ತಿಂದು ತೆಳ್ಳಗೆ ಚುರುಕಾಗಿದ್ದಳು. ಪುಟ್ಟಿ ಗುಂಡಗಾಗುತ್ತಾ ಹೋದಳು. ಮುದ್ದಾಗಿ ಕಾಣುತ್ತಿದ್ದಳು, ನಾನು ಖುಷಿಪಟ್ಟೆ.

ಆಮೇಲೆ ಅವಳ ಮುಂಗಾಲಿನ ಸಂದಿಯಲ್ಲಿ ಗಂಟು ಸಿಕ್ಕಿತು. ಹೆಣ್ಣು ಇಲಿಗಳಲ್ಲಿ ಸ್ತನದ ಗಡ್ಡೆ ಬಹಳ ಸಾಮಾನ್ಯ. ಅವುಗಳ ಸ್ತನದ ಅಂಗಾಂಶ ಕುತ್ತಿಗೆಯಿಂದ ತೊಡೆಸಂದಿಯವರೆಗೂ ಹರಡಿರುವುದರಿಂದ ಗಂಟು ಎಲ್ಲಿ ಬೇಕಾದರೂ ಬರಬಹುದು. ಆಹಾರವೊಂದೇ ಅದಕ್ಕೆ ಕಾರಣ ಅಲ್ಲ. ವಯಸ್ಸು, ಹಾರ್ಮೋನು, ವಂಶ ಎಲ್ಲವೂ ಸೇರುತ್ತವೆ. ಆದರೆ ಬೊಜ್ಜು ಆ ಅಪಾಯವನ್ನು ಹೆಚ್ಚಿಸುತ್ತದೆ, ಅರಿವಳಿಕೆಯನ್ನೂ ಕಷ್ಟ ಮಾಡುತ್ತದೆ. ತೂಕ ಜಾಸ್ತಿ ಇದೆ, ಉಸಿರಾಟಕ್ಕೆ ತೊಂದರೆ ಆಗಬಹುದು ಅಂತ ವೈದ್ಯರು ಮೊದಲೇ ಹೇಳಿದ್ದರು. ಆಪರೇಷನ್ ಆದ ಮೇಲೆ ಪುಟ್ಟಿ ಏಳಲಿಲ್ಲ.

ಇಲಿಯ ಆಯಸ್ಸೇ ಎರಡರಿಂದ ಮೂರು ವರ್ಷ. ಅದರಲ್ಲಿ ಕೆಲವು ತಿಂಗಳು ಕಮ್ಮಿಯಾದರೂ ಅದು ದೊಡ್ಡ ಪಾಲು. 1935ರಲ್ಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಮತ್ತು ಸಂಗಡಿಗರು ಇದನ್ನು ತೋರಿಸಿದ್ದರು: ಪೋಷಕಾಂಶ ಕಡಿಮೆ ಮಾಡದೆ ಕ್ಯಾಲೊರಿ ಮಾತ್ರ ತಗ್ಗಿಸಿದ ಇಲಿಗಳು ಹೆಚ್ಚು ಕಾಲ ಬದುಕಿದವು. ಬಟ್ಟಲು ಸದಾ ತುಂಬಿರುವುದೇ ಪ್ರೀತಿ ಅಂತ ನಾನು ಈಗ ಒಪ್ಪುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಎಲ್ಲ ಉಂಡೆಯೂ ಒಂದೇ ಥರ ಇರುವ ಇಲಿ ಪೆಲೆಟ್ ತನ್ನಿ, ಆಯ್ದು ತಿನ್ನಲು ಅವಕಾಶವೇ ಇರಬಾರದು. ಬೆಳೆದ ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ ಸಾಕು. ಇಲಿ ರಾತ್ರಿಯ ಪ್ರಾಣಿ, ಸಂಜೆ ಹಾಕಿ. ಹಿಂದಿನ ದಿನದ್ದು, ಮೂಲೆಯಲ್ಲಿ ಬಚ್ಚಿಟ್ಟದ್ದು ಮುಗಿಯುವವರೆಗೆ ಹೊಸದು ಸುರಿಯಬೇಡಿ. ಪೊಟ್ಟಣದಲ್ಲಿ ಕೊಬ್ಬು ಎಷ್ಟು ಅಂತ ನೋಡಿ. ಪ್ರಯೋಗಾಲಯದ ಇಲಿಗಳಿಗಾಗಿ 1993ರಲ್ಲಿ ರೂಪಿಸಿದ ಆಹಾರದಲ್ಲಿ ಬೆಳೆಯುವ ಮರಿಗೆ ಶೇ. 7ರಷ್ಟು ಎಣ್ಣೆ ಇದ್ದರೆ ಬೆಳೆದ ಇಲಿಗೆ ಶೇ. 4 ಮಾತ್ರ. ಪ್ರೋಟೀನ್ ಕೂಡ ಹಾಗೆಯೇ, ಮರಿಗೆ ಜಾಸ್ತಿ, ದೊಡ್ಡವಕ್ಕೆ ಕಮ್ಮಿ. ನಾಯಿ, ಬೆಕ್ಕಿನ ಆಹಾರವನ್ನು ದಿನದ ಊಟ ಮಾಡಬೇಡಿ. ಅವುಗಳಲ್ಲಿ ಪ್ರೋಟೀನು, ಕೊಬ್ಬು ಎರಡೂ ಹೆಚ್ಚು, ವಯಸ್ಸಾದ ಇಲಿಯ ಮೂತ್ರಪಿಂಡಕ್ಕೆ ಅದು ಹೊರೆ.

ಒಂದೇ ದಿನದಲ್ಲಿ ಬದಲಿಸಲು ಹೋಗಬೇಡಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದಕ್ಕೇ ಹೊಸ ತಿನಿಸನ್ನು ಮೂಸಿ, ಚೂರು ಕಚ್ಚಿ, ಕಾದು ನೋಡುತ್ತದೆ. ಎರಡು ವಾರ ಹಳೆಯದನ್ನು ಕಮ್ಮಿ ಮಾಡುತ್ತಾ ಹೊಸದನ್ನು ಹೆಚ್ಚಿಸಿ. ಧೈರ್ಯವಂತ ಇಲಿಗೆ ಮೊದಲು ಕೊಡಿ. ಅದರ ಬಾಯಿ ಮೂಸಿ ಇನ್ನೊಂದು ಕಲಿಯುತ್ತದೆ. ಅವು ನಿಜವಾಗಿಯೂ ಹಾಗೇ ಕಲಿಯುತ್ತವೆ.

ಇನ್ನು ಅಡುಗೆಮನೆಯ ವಿಷಯ. ಕ್ಯಾರೆಟ್, ಸೌತೆಕಾಯಿ, ಹಸಿ ಬಟಾಣಿ, ಸೊಪ್ಪು ಪ್ರತಿ ದಿನ ಸ್ವಲ್ಪ ಕೊಡಿ. ಆಗೊಮ್ಮೆ ಈಗೊಮ್ಮೆ ಬೇಯಿಸಿದ ಮೊಟ್ಟೆಯ ಚೂರು. ಬೇಯಿಸಿ ಆರಿಸಿದ ತೆಳು ರಾಗಿ ಗಂಜಿ, ಉಪ್ಪು ಬೆಲ್ಲ ಇಲ್ಲದೆ, ಒಂದು ಚಮಚ ಸಾಕು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಮುದ್ದೆ ಕೊಡಬೇಡಿ, ಗಂಟಲಿಗೆ ಅಂಟುತ್ತದೆ. ಸಾರನ್ನ ಬೇಡವೇ ಬೇಡ, ಅದರಲ್ಲಿ ಉಪ್ಪು, ಖಾರ, ಈರುಳ್ಳಿ ಒಗ್ಗರಣೆ ಎಲ್ಲ ಇರುತ್ತದೆ. ಅವರೆಕಾಳಿನ ಕಾಲದಲ್ಲಿ ಎಚ್ಚರ: ಅವರೆ, ರಾಜ್ಮಾ ಎರಡನ್ನೂ ಹಸಿಯಾಗಿ ಕೊಡಬಾರದು, ಚೆನ್ನಾಗಿ ಬೇಯಿಸಲೇಬೇಕು. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಟಾಕ್ಸಿನ್ ಇರಬಹುದು, ಅದು ಇಲಿಯ ಯಕೃತ್ತಿಗೆ ವಿಷ. ಮುಂದೆ ಗಂಡು ಇಲಿ ತಂದರೆ ಕಿತ್ತಳೆ ಸಿಪ್ಪೆ ಕೊಡಬೇಡಿ. ಅದರಲ್ಲಿರುವ ಲಿಮೊನೀನ್ ಗಂಡು ಇಲಿಯ ಮೂತ್ರಪಿಂಡಕ್ಕೆ ಒಗ್ಗುವುದಿಲ್ಲ.

ಸೂರ್ಯಕಾಂತಿ ಬೀಜ ಪೂರ್ತಿ ನಿಲ್ಲಿಸಬೇಕಿಲ್ಲ. ಕೈಗೆ ಕರೆಸಿಕೊಳ್ಳುವಾಗ ಒಂದೆರಡು ಕೊಡಿ, ಬಟ್ಟಲಿಗೆ ಮಾತ್ರ ಹಾಕಬೇಡಿ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಎರಡನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಒಂದು ಏರಿ ಇನ್ನೊಂದು ಇಳಿಯುತ್ತಿದ್ದರೆ ಬೇರೆ ಬೇರೆ ಕೂರಿಸಿ ತಿನ್ನಿಸಿ. ತೂಗುವಾಗಲೇ ಹೊಟ್ಟೆ, ಕಂಕುಳು, ಕುತ್ತಿಗೆ ಸವರಿ ನೋಡಿ. ಗಂಟು ಸಿಕ್ಕರೆ, ಅದು ಬಟಾಣಿಯಷ್ಟೇ ಇದ್ದರೂ, ಇಲಿ ಮೊಲಗಳನ್ನು ನೋಡಿ ರೂಢಿಯಿರುವ ವೈದ್ಯರಿಗೆ ಆ ವಾರವೇ ತೋರಿಸಿ.