ಬೋಧನಾ ಕಣ್ಣಾಸ್ಪತ್ರೆಗೆ ಹೋದರೆ ಅಪ್ಪನ ಕಣ್ಣಿನ ಮೇಲೆ ಪ್ರಯೋಗ ಮಾಡ್ತಾರಾ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರ ತೋಟ. ಆರು ದಿನದ ಹಿಂದೆ ಕಾಫಿ ಗಿಡದ ಚಿಗುರು ತೆಗೆಯುವಾಗ ಕಡ್ಡಿ ಬಡಿದು ಅಪ್ಪನ ಎಡಗಣ್ಣು ಕೆಂಪಾಯಿತು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದಾಗ ಎರಡು ದಿನ ಕಡಿಮೆಯಾದ ಹಾಗಿತ್ತು. ಈಗ ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣ್ತಿದೆ, ಬೆಳಕು ನೋಡೋಕೆ ಆಗ್ತಿಲ್ಲ. ಊರಿನ ಡಾಕ್ಟರು ಪಾಠ, ಸಂಶೋಧನೆ ಎಲ್ಲ ನಡೆಯುವ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ‘ಅಲ್ಲಿ ಕಲಿಯೋ ಹುಡುಗರು ಪ್ರಯೋಗ ಮಾಡ್ತಾರೆ, ಬೇಡ’ ಅಂತ ನೆಂಟರು ಹೆದರಿಸಿದ್ದಾರೆ.

ಹೋಗಿ. ಆದರೆ ಬೆಂಗಳೂರಿಗೆ ಹೊರಡೋಕೆ ನಾಳೆ ನಾಡಿದ್ದು ಆಗುತ್ತೆ ಅನ್ನುವುದಾದರೆ ಇವತ್ತೇ ಹಾಸನಕ್ಕೆ ಹೋಗಿ. ಹಿಮ್ಸ್ ಅಂತ ಕರೆಯುವ ಹಾಸನದ ಮೆಡಿಕಲ್ ಕಾಲೇಜು 2006ರಿಂದ ಇದೆ, ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದಕ್ಕೆ ಸೇರಿದ್ದು. ಮೆಡಿಕಲ್ ಕಾಲೇಜು ಅಂದಮೇಲೆ ಕಣ್ಣಿನ ವಿಭಾಗವೂ ಇರುತ್ತೆ, ಯಾವ ರೋಗಾಣು ಅಂತ ಪತ್ತೆ ಮಾಡುವ ಮೈಕ್ರೋಬಯಾಲಜಿ ವಿಭಾಗವೂ ಇರುತ್ತೆ. ನಿಮ್ಮ ಅಪ್ಪನಿಗೆ ಈ ಹೊತ್ತಿನಲ್ಲಿ ಬೇಕಾಗಿರುವುದು ಆ ಎರಡೂ.

ನೀವು ಬರೆದಿರುವ ಲಕ್ಷಣ ನೋಡಿದರೆ ಇದು ಕಾರ್ನಿಯಾದ, ಅಂದರೆ ಕಪ್ಪು ಗುಡ್ಡೆಯ ಮೇಲಿನ ಗಾಜಿನಂಥ ಪದರದ ಹುಣ್ಣು, ಅದರಲ್ಲೂ ಶಿಲೀಂಧ್ರದ್ದು, ಅಂದರೆ ಫಂಗಸ್‌ನದ್ದು ಅಂತ ಮೊದಲು ಅನುಮಾನಿಸಬೇಕು. ಹಸಿ ಕಡ್ಡಿ, ಭತ್ತದ ಹೊಟ್ಟು, ಕಬ್ಬಿನ ಗರಿ, ಹೀಗೆ ಗಿಡಮರದ ವಸ್ತು ಕಣ್ಣು ತರಚಿದರೆ ಅದರ ಜೊತೆ ಫಂಗಸ್ ಬೀಜಕಣವೂ ಒಳಗೆ ಹೋಗಬಹುದು. ಆ ಡ್ರಾಪ್ಸ್ ಬಾಟಲಿ ತೆಗೆದು ಲೇಬಲ್ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್, ಈ ಹೆಸರುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್. ಆ್ಯಂಟಿಬಯಾಟಿಕ್ ಜೊತೆ ಸೇರಿಸಿ ಮಾರುವ ಡ್ರಾಪ್ಸ್‌ಗಳಲ್ಲಿ ಹೆಸರಿನ ಕೊನೆಗೆ ‘ಡಿ’ ಅಂತಲೋ ‘ಡಿಎಂ’ ಅಂತಲೋ ಇದ್ದರೂ ಸಣ್ಣಕ್ಷರದಲ್ಲಿ ಏನು ಬರೆದಿದೆ ನೋಡಿ. ಸ್ಟೀರಾಯ್ಡ್ ಬಿದ್ದ ತಕ್ಷಣ ದೇಹ ಜಗಳಾಡುವುದನ್ನು ನಿಲ್ಲಿಸುತ್ತೆ, ಹಾಗಾಗಿ ಕೆಂಪು ಇಳಿಯುತ್ತೆ, ನೋವೂ ಇಳಿಯುತ್ತೆ. ಫಂಗಸ್‌ಗೆ ಅಡ್ಡಿಯೇ ಇಲ್ಲದಂತಾಗಿ ಅದು ಆಳಕ್ಕೆ ಇಳಿಯುತ್ತೆ. ಎರಡು ದಿನ ವಾಸಿಯಾದ ಹಾಗಿದ್ದದ್ದು ಬಹುಶಃ ಇದಕ್ಕೇ. ಡಾಕ್ಟರು ಬರೆಯದ ಆ ಡ್ರಾಪ್ಸ್ ನಿಲ್ಲಿಸಿ, ಆದರೆ ಬಾಟಲಿ ಎಸೆಯಬೇಡಿ, ಜೊತೆಗೆ ಒಯ್ಯಿರಿ. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಹರಳೆಣ್ಣೆ ಯಾವುದನ್ನೂ ಹಾಕಬೇಡಿ. ಹತ್ತಿ ಇಟ್ಟು ಪಟ್ಟಿಯನ್ನೂ ಕಟ್ಟಬೇಡಿ, ಮುಚ್ಚಿದ ಕಣ್ಣಿನ ಬಿಸಿಯಲ್ಲಿ ಸೋಂಕು ಇನ್ನೂ ಚೆನ್ನಾಗಿ ಬೆಳೆಯುತ್ತೆ. ಕಪ್ಪು ಕನ್ನಡಕ ಸಾಕು.

ಈಗ ನೆಂಟರ ಮಾತಿಗೆ ಬರೋಣ. ಚಿಕಿತ್ಸೆ, ಪಾಠ, ಸಂಶೋಧನೆ ಮೂರೂ ಇರುವ ಆಸ್ಪತ್ರೆಯಲ್ಲಿ ರೋಗಿಗೆ ಮೊದಲು ಬೇಜಾರಾಗುವುದು ಒಂದೇ ಪ್ರಶ್ನೆಯನ್ನು ಮೂರು ಜನ ಕೇಳುತ್ತಾರಲ್ಲ, ಅದಕ್ಕೆ. ಮೊದಲು ಆಪ್ಟೋಮೆಟ್ರಿಸ್ಟ್ ದೃಷ್ಟಿ ನೋಡುತ್ತಾರೆ. 6 ಮೀಟರ್ ದೂರದ ಫಲಕದಲ್ಲಿ ಮೇಲಿನ ದೊಡ್ಡ ಅಕ್ಷರವೂ ಕಾಣದಿದ್ದರೆ ಬೆರಳು ಎಣಿಸಲು ಹೇಳುತ್ತಾರೆ, ಅದೂ ಆಗದಿದ್ದರೆ ಕೈ ಆಡಿಸುವುದು ಕಾಣುತ್ತಾ, ಟಾರ್ಚ್ ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಕೇಳುತ್ತಾರೆ. ಆಮೇಲೆ ಪಿಜಿ ಡಾಕ್ಟರು, ಅಂದರೆ ಎಂಬಿಬಿಎಸ್ ಮುಗಿಸಿ ಮೂರು ವರ್ಷದ ಎಂಎಸ್ ಓದುತ್ತಿರುವವರು. ಅವರ ಮೇಲೆ ಫೆಲೋ, ಎಂಎಸ್ ಮುಗಿದ ಮೇಲೂ ಕಾರ್ನಿಯಾ ಒಂದನ್ನೇ ಹಿಡಿದು ತರಬೇತಿ ಪಡೆಯುತ್ತಿರುವವರು. ಕೊನೆಗೆ ಕನ್ಸಲ್ಟೆಂಟ್, ಅಂದರೆ ಇವರೆಲ್ಲರ ಮೇಲಿನ ಹಿರಿಯ ಡಾಕ್ಟರು. ಮೊದಲನೇ ಸಲ ‘ಏನೋ ಬಿತ್ತು’ ಅಂದ ಅಪ್ಪ ಮೂರನೇ ಸಲಕ್ಕೆ ‘ಕಾಫಿ ಕಡ್ಡಿ, ಹಸಿದು, ತುದಿ ಮುರಿದಿತ್ತು’ ಅನ್ನುತ್ತಾರೆ. ಔಷಧಿ ಬದಲಾಗುವುದು ಆ ಒಂದು ಮಾತಿನಿಂದ. ಹಾಗಾಗಿ ಬೇಸರ ಮಾಡಿಕೊಳ್ಳದೆ ಪ್ರತಿ ಸಲವೂ ಪೂರ್ತಿ ಹೇಳಿ: ಯಾವ ದಿನ, ಯಾವ ಗಿಡ, ಯಾವ ಡ್ರಾಪ್ಸ್, ದಿನಕ್ಕೆ ಎಷ್ಟು ಸಲ, ಸಕ್ಕರೆ ಕಾಯಿಲೆ ಇದೆಯಾ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಹುಣ್ಣು ಮಾಯುವುದು ನಿಧಾನ. ಮೂಗಿನ ಪಕ್ಕ ಕಣ್ಣಿನ ಮೂಲೆಯಲ್ಲಿ ಬೆರಳಿಟ್ಟು ಒತ್ತಿಯೂ ನೋಡುತ್ತಾರೆ. ಅಲ್ಲಿಂದ ಕೀವು ಬಂದರೆ ಕಣ್ಣೀರಿನ ಚೀಲದಲ್ಲೇ ಸೋಂಕಿದೆ ಅಂತ ಅರ್ಥ. ಅದನ್ನು ಬಿಟ್ಟು ಹುಣ್ಣಿಗೆ ಮಾತ್ರ ಔಷಧಿ ಹಾಕಿದರೆ ವಾಸಿಯಾಗದು.

ಮುಖ್ಯವಾದದ್ದು ಸ್ಕ್ರೇಪಿಂಗ್, ಅಂದರೆ ಹುಣ್ಣನ್ನು ಕೆರೆದು ಮಾದರಿ ತೆಗೆಯುವುದು. ನೆಂಟರು ‘ಪ್ರಯೋಗ’ ಅಂದಿದ್ದು ಬಹುಶಃ ಇದನ್ನೇ ನೋಡಿ. ಮರಗಟ್ಟಿಸುವ ಹನಿ ಹಾಕುತ್ತಾರೆ, ಅರ್ಧ ನಿಮಿಷದಲ್ಲಿ ನೋವು ಹೋಗುತ್ತೆ. ಅಪ್ಪ ಸ್ಲಿಟ್ ಲ್ಯಾಂಪಿಗೆ, ಅಂದರೆ ಕಣ್ಣನ್ನು ದೊಡ್ಡದಾಗಿ ತೋರಿಸುವ ದೀಪದ ಯಂತ್ರಕ್ಕೆ, ಗಲ್ಲ ಇಟ್ಟು ಕೂರುತ್ತಾರೆ. 15ನೇ ನಂಬರಿನ ಬ್ಲೇಡ್ ಅಥವಾ ಚಪ್ಪಟೆ ತುದಿಯ ಚಿಕ್ಕ ಚಮಚದಂಥ ಉಪಕರಣದಿಂದ ಹುಣ್ಣಿನ ಅಂಚನ್ನೂ ತಳವನ್ನೂ ಮೆಲ್ಲಗೆ ಕೆರೆದು ಗಾಜಿನ ಸ್ಲೈಡಿನ ಮೇಲೆ ಹಚ್ಚುತ್ತಾರೆ. ಒಂದು ಸ್ಲೈಡಿಗೆ ‘ಗ್ರಾಂ’ ಅನ್ನುವ ಹೆಸರಿನ ಬಣ್ಣ, ಅದರಲ್ಲಿ ಬ್ಯಾಕ್ಟೀರಿಯಾ ಸಿಗುತ್ತೆ. ಇನ್ನೊಂದಕ್ಕೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ. ಆ ಕ್ಷಾರಕ್ಕೆ ಕಣ್ಣಿನ ಜೀವಕೋಶಗಳು ಕರಗಿ ಪಾರದರ್ಶಕವಾಗುತ್ತವೆ, ಫಂಗಸ್ ಮಾತ್ರ ಕರಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಕಾಣುವುದು ಸಣ್ಣ ಸಣ್ಣ ಎಳೆ, ಕವಲೊಡೆದದ್ದು, ಬಿದಿರಿನ ಗೆಣ್ಣಿನ ಹಾಗೆ ನಡುನಡುವೆ ಅಡ್ಡಗೆರೆ ಇರುವುದು. ಇಷ್ಟಕ್ಕೆ ಒಂದು ಗಂಟೆ ಹೊತ್ತು ಸಾಕು, ಔಷಧಿ ಅವತ್ತೇ ಶುರುವಾಗುತ್ತೆ.

ಮಿಕ್ಕ ಮಾದರಿಯನ್ನು ಕಲ್ಚರ್ ತಟ್ಟೆಗಳ, ಅಂದರೆ ರೋಗಾಣು ಬೆಳೆಸಿ ನೋಡುವ ತಟ್ಟೆಗಳ ಮೇಲೆ ಇಂಗ್ಲಿಷಿನ ‘ಸಿ’ ಆಕಾರದಲ್ಲಿ ಗೀಚುತ್ತಾರೆ. ಅದಕ್ಕೂ ಕಾರಣ ಇದೆ. ಆ ಗೆರೆಯ ಮೇಲೇ ಬೆಳೆದರೆ ಅದು ಕಣ್ಣಿನಿಂದ ಬಂದದ್ದು, ಗೆರೆ ಬಿಟ್ಟು ಪಕ್ಕದಲ್ಲಿ ಬೆಳೆದರೆ ಗಾಳಿಯಿಂದ ಬಿದ್ದದ್ದು. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಬೆಳೆಯುತ್ತೆ, ಫಂಗಸ್‌ಗೆ ವಾರ ಬೇಕಾಗಬಹುದು, ಏನೂ ಬೆಳೆದಿಲ್ಲ ಅಂತ ಹೇಳುವ ಮುಂಚೆ ಎರಡು ವಾರದವರೆಗೂ ಕಾಯುತ್ತಾರೆ. ಬೇರೆ ಬೇರೆ ಡ್ರಾಪ್ಸ್ ಹಾಕಿಕೊಂಡು ಹೋದ ಕಣ್ಣಿನಲ್ಲಿ ಕಲ್ಚರ್ ಬರದೇ ಹೋಗುವುದು ಸಾಮಾನ್ಯ. ಆಗ ಎಲ್ಲ ನಿಲ್ಲಿಸಿ ಒಂದು ದಿನ ಬಿಟ್ಟು ಮತ್ತೆ ಕೆರೆಯಬೇಕಾಗಬಹುದು. ಆ ಸ್ಲೈಡನ್ನು ಪಿಜಿಗೂ ತೋರಿಸುತ್ತಾರೆ. ಪಾಠ ಅಂದರೆ ಇಲ್ಲಿ ಅದೇ. ನಿಮ್ಮ ಅಪ್ಪನ ಚಿಕಿತ್ಸೆಗೆ ತೆಗೆದ ಸ್ಲೈಡನ್ನು ಇನ್ನೊಂದು ಜೊತೆ ಕಣ್ಣು ನೋಡಿತು, ಅಷ್ಟೇ. ನನ್ನನ್ನು ಕೇಳಿದರೆ, ಸ್ಲೈಡ್ ನೋಡದೆ ನಾಲ್ಕು ಬಗೆಯ ಡ್ರಾಪ್ಸ್ ಬರೆದುಕೊಡುವುದೇ ನಿಜವಾದ ಪ್ರಯೋಗ.

ಆಪರೇಷನ್ ವಿಷಯದಲ್ಲಿ ಭಯ ಇದ್ದರೆ ಕಲಿಸುವ ಕ್ರಮ ತಿಳಿದುಕೊಳ್ಳಿ. ಪಿಜಿಗಳು ಮೊದಲು ಮೇಕೆಯಂಥ ಪ್ರಾಣಿಗಳ ಕಣ್ಣಿನ ಮೇಲೆ ಹೊಲಿಗೆ ಕಲಿಯುತ್ತಾರೆ. ಪೊರೆಯ ಆಪರೇಷನ್ನಿನಲ್ಲಿ ಆಮೇಲೂ ಒಂದೊಂದೇ ಹಂತ ಕೊಡುತ್ತಾರೆ, ಮೈಕ್ರೋಸ್ಕೋಪಿನ ಎರಡನೇ ಕಣ್ಣುಕೊಳವೆಯಲ್ಲಿ ಹಿರಿಯರು ನೋಡುತ್ತಾ ಕೂತಿರುತ್ತಾರೆ. ಹುಣ್ಣಿಗೆ ಕಾರ್ನಿಯಾ ಬದಲಿಸುವುದು ಕಲಿಕೆಯ ಮೊದಲ ಮೆಟ್ಟಿಲಲ್ಲ. ‘ಆಪರೇಷನ್ ಯಾರು ಮಾಡ್ತಾರೆ ಸಾರ್?’ ಅಂತ ಸಹಿ ಹಾಕುವ ಮುಂಚೆ ನೇರವಾಗಿ ಕೇಳಿ. ಅದು ನಿಮ್ಮ ಹಕ್ಕು, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಸಂಶೋಧನೆಗೆ ಸೇರಿಸಿಕೊಳ್ಳುವುದಾದರೆ ಬೇರೆಯೇ ಕಾಗದ ಇರುತ್ತೆ. ಚಿಕಿತ್ಸೆಯ ಒಪ್ಪಿಗೆ ಪತ್ರ ಬೇರೆ, ಅಧ್ಯಯನದ ಒಪ್ಪಿಗೆ ಪತ್ರ ಬೇರೆ. ಎರಡನೆಯದು ಕನ್ನಡದಲ್ಲಿ ಇರಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ಅಪ್ಪನಿಗೆ ಓದು ಬರದಿದ್ದರೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಬೇಕು. ಒಲ್ಲೆ ಅಂದರೂ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ, ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು. ಹೊಸ ಔಷಧಿಗಳ ಪ್ರಯೋಗಕ್ಕೆ 2019ರ ನಿಯಮಗಳಿವೆ, ನೈತಿಕ ಸಮಿತಿಯ ಅನುಮತಿ ಇಲ್ಲದೆ ನಡೆಸುವಂತಿಲ್ಲ. ಸಮಿತಿಯ ಫೋನ್ ನಂಬರ್ ಆ ಕಾಗದದಲ್ಲೇ ಇದೆಯಾ ನೋಡಿಕೊಳ್ಳಿ.

ಇಂಥ ಅಧ್ಯಯನ ಬೇಕಾ ಅಂತ ಅನುಮಾನ ಬಂದರೆ, ಎಳೆ ಕಂಡ ಮೇಲೆ ನಿಮ್ಮ ಅಪ್ಪನಿಗೆ ಬರೆಯುವ ಡ್ರಾಪ್ಸ್‌ನ್ನೇ ನೋಡಿ. ನ್ಯಾಟಮೈಸಿನ್ 5%, ಹಳೇ ಔಷಧಿ. ಅದಕ್ಕಿಂತ ಹೊಸದಾದ ವೋರಿಕೊನಜೋಲ್ ಮೇಲು ಅಂತ ಅನೇಕರು ನಂಬಿದ್ದರು. ಮಧುರೈನಲ್ಲಿ 1976ರಲ್ಲಿ 11 ಹಾಸಿಗೆಯಿಂದ ಶುರುವಾದ ಅರವಿಂದ್ ಕಣ್ಣಾಸ್ಪತ್ರೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ಜೊತೆ ಸೇರಿ, ಫಂಗಸ್ ಹುಣ್ಣಿನ 323 ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೆದ್ದದ್ದು ನ್ಯಾಟಮೈಸಿನ್, ಅದರಲ್ಲೂ ಫ್ಯುಸೇರಿಯಂ ಅನ್ನುವ ಫಂಗಸ್ ಇದ್ದವರಲ್ಲಿ ವ್ಯತ್ಯಾಸ ದೊಡ್ಡದಿತ್ತು. ವೋರಿಕೊನಜೋಲ್ ಗುಂಪಿನಲ್ಲಿ ಕಾರ್ನಿಯಾ ತೂತಾದವರು ಹೆಚ್ಚು. ನಮ್ಮ ದಕ್ಷಿಣದ ರೈತರು, ಕೂಲಿಯವರು ಒಪ್ಪಿ ಸಹಿ ಹಾಕಿದ್ದರಿಂದ ಇವತ್ತು ಸಕಲೇಶಪುರದ ಒಬ್ಬ ರೈತನಿಗೆ ಯಾವ ಬಾಟಲಿ ಮೊದಲು ಅಂತ ಡಾಕ್ಟರಿಗೆ ಗೊತ್ತು. ಆ ಜನರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಡ್ರಾಪ್ಸ್ ಹಾಕುವುದರಲ್ಲಿ ತಪ್ಪುವವರೇ ಹೆಚ್ಚು. ಶುರುವಿನಲ್ಲಿ ಸಾಮಾನ್ಯವಾಗಿ ಎಚ್ಚರ ಇರುವಷ್ಟು ಹೊತ್ತೂ ಗಂಟೆಗೊಂದು ಹನಿ. ನ್ಯಾಟಮೈಸಿನ್ ನೀರಲ್ಲಿ ಕರಗಿರುವ ಔಷಧಿಯಲ್ಲ, ಪುಡಿ ತೇಲುತ್ತಿರುವ ಬಿಳಿ ಹಾಲಿನಂಥದ್ದು. ಪ್ರತಿ ಸಲ ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಮೇಲಿನ ನೀರು ಕಣ್ಣಿಗೆ ಹೋಗಿ ಔಷಧಿ ತಳದಲ್ಲಿ ಉಳಿಯುತ್ತೆ. ಕಣ್ಣಿನ ಅಂಚಿಗೆ ಬಿಳಿ ಪುಡಿ ಮೆತ್ತಿಕೊಂಡರೆ ಅದು ಕೀವಲ್ಲ, ಗಾಬರಿ ಬೇಡ. ಕೈ ಸೋಪಿನಿಂದ ತೊಳೆದು, ಕೆಳರೆಪ್ಪೆ ಎಳೆದು, ಆ ಜೋಳಿಗೆಯೊಳಗೆ ಒಂದೇ ಹನಿ. ಬಾಟಲಿ ತುದಿ ರೆಪ್ಪೆಗೆ ತಾಗಬಾರದು. ಎರಡನೇ ಔಷಧಿ ಇದ್ದರೆ ನಡುವೆ ಐದು ನಿಮಿಷ ಬಿಡಿ, ಬೆನ್ನಿಗೇ ಹಾಕಿದರೆ ಮೊದಲನೆಯದು ತೊಳೆದುಹೋಗುತ್ತೆ. 5 ಎಂ.ಎಲ್. ಬಾಟಲಿಯಲ್ಲಿ ಸುಮಾರು 100 ಹನಿ ಇರುತ್ತೆ. ದಿನಕ್ಕೆ 16 ಹನಿ, ಹೊರಗೆ ಚೆಲ್ಲುವುದೂ ಸೇರಿದರೆ ಐದಾರು ದಿನಕ್ಕೆ ಖಾಲಿ. ಚಿಕ್ಕ ಊರಿನ ಅಂಗಡಿಗಳಲ್ಲಿ ಇದು ಎಲ್ಲ ಸಲವೂ ಸಿಗದು, ಆಸ್ಪತ್ರೆ ಬಿಡುವ ಮುಂಚೆ ಎರಡು ಮೂರು ಬಾಟಲಿ ತೆಗೆದುಕೊಂಡುಬಿಡಿ.

ಫಂಗಸ್ ಹುಣ್ಣು ಮಾಯಲು ವಾರಗಟ್ಟಲೆ ಬೇಕು, ಒಂದೂವರೆ ತಿಂಗಳಾದರೂ ಆಶ್ಚರ್ಯವಿಲ್ಲ. ಬಿಳಿ ಚುಕ್ಕೆ ಮಾಯವಾಯಿತಾ ಅಂತ ದಿನಾ ನೋಡಿ ಬೇಸರ ಪಡಬೇಡಿ. ಮೊದಲು ನೋವು ಇಳಿಯುತ್ತೆ, ಚುಕ್ಕೆಯ ಅಂಚು ಗರಿಗರಿಯಾಗಿದ್ದದ್ದು ದುಂಡಗಾಗುತ್ತೆ, ಕಣ್ಣೊಳಗೆ ತಳದಲ್ಲಿ ಬಿಳಿ ಕೀವು ನಿಂತಿದ್ದರೆ ಅದು ತಗ್ಗುತ್ತೆ. ಕೊನೆಗೆ ಹೂ ಬಿದ್ದ ಹಾಗೆ ಕಲೆ ಉಳಿಯಬಹುದು. ಅದಕ್ಕೆ ಚಿಕಿತ್ಸೆ ಆಮೇಲೆ ನೋಡಿದರಾಯ್ತು, ಸೋಂಕು ಹೋಗುವುದು ಮೊದಲು. ಇದ್ದಕ್ಕಿದ್ದಂತೆ ಕಣ್ಣಿನಿಂದ ಬಿಸಿನೀರು ಸುರಿದ ಹಾಗಾಗಿ ನೋವು ದಿಢೀರ್ ಕಡಿಮೆಯಾದರೆ ಮಾತ್ರ ಒಳ್ಳೆಯದಾಯಿತು ಅಂದುಕೊಳ್ಳಬೇಡಿ. ಕಾರ್ನಿಯಾ ತೂತಾಗಿರುತ್ತೆ. ಕಣ್ಣು ಒತ್ತದೆ, ತೊಳೆಯದೆ, ರಾತ್ರಿಯಾದರೂ ಹೊರಡಿ. ಚಿಕ್ಕ ತೂತಿಗೆ ವಿಶೇಷ ಅಂಟು ಹಾಕಿ ಮೇಲೆ ಲೆನ್ಸ್ ಇಡುತ್ತಾರೆ, ದೊಡ್ಡದಕ್ಕೆ ದಾನಿಯ ಕಾರ್ನಿಯಾ ಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾರಾಯಣ ನೇತ್ರಾಲಯದಲ್ಲಿ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ವರಿಗೆ ಹಾಕಿದ್ದು ನಿಮಗೆ ನೆನಪಿರಬಹುದು. ಪದರ ಬಿಡಿಸುವ ಆ ಕೈಚಳಕ ಬೆಳೆದು ಬಂದದ್ದೂ ಕಲಿಸುವ, ಹುಡುಕುವ ಆಸ್ಪತ್ರೆಗಳಲ್ಲೇ. ಆದರೆ ಸೋಂಕು ಆಳಕ್ಕೆ ಇಳಿದ ಕಣ್ಣಿಗೆ ಸಾಮಾನ್ಯವಾಗಿ ಪೂರ್ತಿ ದಪ್ಪದ ಕಾರ್ನಿಯಾವೇ ಬೇಕು. ಅಲ್ಲಿಯವರೆಗೆ ಬಿಡಬಾರದು ಅಂತಲೇ ಇವತ್ತೇ ಹೊರಡಿ ಅಂದದ್ದು.

ಬೆಂಗಳೂರಿನಲ್ಲಿ ಸರ್ಕಾರಿ ಅಂದರೆ ಮಿಂಟೋ ಕಣ್ಣಾಸ್ಪತ್ರೆ, 1896ರಿಂದ ಇದೆ, ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು. ಖಾಸಗಿಯಲ್ಲಾದರೂ ಸೇರಿಸುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಕಾರ್ನಿಯಾ ಸ್ಪೆಷಲಿಸ್ಟ್ ಇವತ್ತು ಇದ್ದಾರಾ, ಸ್ಕ್ರೇಪಿಂಗ್ ನೋಡುವ ಲ್ಯಾಬ್ ಒಳಗೇ ಇದೆಯಾ. ಆಧಾರ್, ರೇಷನ್ ಕಾರ್ಡ್, ಹಳೇ ಚೀಟಿಗಳು, ಆ ಡ್ರಾಪ್ಸ್ ಬಾಟಲಿ, ಸಕ್ಕರೆ-ಬಿಪಿ ಮಾತ್ರೆ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್ ಆಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳಬಹುದು. ಹಾಸನದಲ್ಲಿ ತೋರಿಸುವಾಗಲೇ ಅದನ್ನು ಬರೆಸಿಕೊಳ್ಳಿ, ಸ್ಕ್ರೇಪಿಂಗ್ ಆಗಿದ್ದರೆ ಅದರ ರಿಪೋರ್ಟನ್ನೂ ಜೊತೆಗೆ ಇಟ್ಟುಕೊಳ್ಳಿ. ಕಲ್ಚರ್ ಫಲಿತಾಂಶ ಆಮೇಲೆ ಬರುವುದರಿಂದ ಲ್ಯಾಬ್ ನಂಬರ್ ಬರೆದುಕೊಂಡೇ ಬಸ್ಸು ಹತ್ತಿ.