ಕಣ್ಣಾರೆ ಕಂಡಿದ್ದಕ್ಕೂ ಆಧಾರ ಬೇಕಾ?

ಓದುಗರ ಪತ್ರ:
ಸಂಪಾದಕರೇ, ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯವಳು. ಶಾಲೆ ಕೆಲಸದಿಂದ ನಿವೃತ್ತಳಾದ ಮೇಲೆ ಮಗಳು ಕನ್ನಡ ವಿಕಿಪೀಡಿಯದಲ್ಲಿ ಬರೆಯೋದನ್ನು ಹೇಳಿಕೊಟ್ಟಳು. ಹಳೇ ಸಿನಿಮಾ, ಹಳೇ ಧಾರಾವಾಹಿಗಳ ಪುಟ ತಿದ್ದುತ್ತೇನೆ. ಸಂಬಳ ಇಲ್ಲ. 'ಸುಮ್ನೆ ಕಣ್ಣು ಹಾಳು ಮಾಡ್ಕೊಳ್ತೀಯ' ಅಂತ ಮನೆಯಲ್ಲಿ ಬೈತಾರೆ. ಅದು ಹೋಗಲಿ. ನಮ್ಮೂರ ಹತ್ತಿರ ಶೂಟಿಂಗ್ ಆದ ಒಂದು ಸಿನಿಮಾದ ಪುಟದಲ್ಲಿ, ಯಾವ ಮನೆಯಲ್ಲಿ ಶೂಟಿಂಗ್ ಆಯಿತು, ಊರಿನವರು ಯಾರ್ಯಾರು ಪಾತ್ರ ಮಾಡಿದರು ಅಂತ ಬರೆದೆ. ಯಾರೋ ಒಬ್ಬ ಹುಡುಗ 'ಆಧಾರ ಇಲ್ಲ' ಅಂತ ಅಳಿಸಿಬಿಟ್ಟ. ನಾನು ಕಣ್ಣಾರೆ ಕಂಡವಳು. ಅದಕ್ಕಿಂತ ದೊಡ್ಡ ಆಧಾರ ಯಾವುದು? ಇದನ್ನೆಲ್ಲ ಬಿಟ್ಟುಬಿಡಲೇ?

ಉತ್ತರ:
ಬಿಡಬೇಡಿ ಮೇಡಂ. ಮೊದಲು ಇಷ್ಟು ಹೇಳಿ ಮುಂದಿನದಕ್ಕೆ ಬರುತ್ತೇನೆ.

ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಅಳಿಸುವ ಮೊದಲು ಆತ ಚರ್ಚೆ ಪುಟದಲ್ಲಿ, ಅಂದರೆ ಪ್ರತಿ ಲೇಖನದ ಜೊತೆ ಬರೆಯುವವರು ಮಾತಾಡಿಕೊಳ್ಳಲು ಇರುವ ಪುಟದಲ್ಲಿ, ಒಂದು ಮಾತು ಕೇಳಬಹುದಿತ್ತು. ಹೊಸಬರ ಜೊತೆ ತಾಳ್ಮೆಯಿಂದ ಇರಿ ಎಂದು ವಿಕಿಪೀಡಿಯದ ನಿಯಮಗಳೇ ಹೇಳುತ್ತವೆ. ಅಷ್ಟು ಮಟ್ಟಿಗೆ ನಾನು ನಿಮ್ಮ ಪರ. ಆದರೆ ಅಳಿಸಿದ್ದು ಮಾತ್ರ ಸರಿ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಈ ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ನೀವು ಸುಳ್ಳು ಹೇಳುವವರಲ್ಲ. ನಿಮ್ಮ ಪತ್ರ ಓದಿದ ಯಾರಿಗೂ ಅದು ಗೊತ್ತಾಗುತ್ತದೆ. ಆದರೆ ವಿಕಿಪೀಡಿಯಕ್ಕೆ ನಿಮ್ಮ ಮುಖ ಕಾಣುವುದಿಲ್ಲ, ನನ್ನ ಮುಖವೂ ಕಾಣುವುದಿಲ್ಲ. ನೀವು 'ನಾನು ಕಂಡೆ' ಅಂತ ಬರೆಯಬಹುದಾದರೆ, ತನ್ನ ಹೀರೋನ ಸಿನಿಮಾ ಮೊದಲ ದಿನವೇ ನೂರು ಕೋಟಿ ಗಳಿಸಿದ್ದನ್ನು 'ನಾನು ಕಂಡೆ' ಅಂತ ಅಭಿಮಾನಿಯೂ ಬರೆಯುತ್ತಾನೆ. ದೊಡ್ಡ ಸಿನಿಮಾವೊಂದು ಬಿಡುಗಡೆಯಾದ ವಾರ ಅದರ ಪುಟದ 'ಇತಿಹಾಸ' ಒತ್ತಿ ನೋಡಿ. ಯಾರು ಯಾವ ನಿಮಿಷಕ್ಕೆ ಯಾವ ಅಕ್ಷರ ಬದಲಿಸಿದರು ಅನ್ನುವುದೆಲ್ಲ ಅಲ್ಲಿ ಸಾಲಾಗಿ ಇರುತ್ತದೆ. ಒಬ್ಬ ಗಳಿಕೆ ಏರಿಸುತ್ತಾನೆ, ಇನ್ನೊಬ್ಬ ಇಳಿಸುತ್ತಾನೆ. ಆ ಜಗಳದ ನಡುವೆ ನಿಂತು 'ಯಾವ ಪತ್ರಿಕೆಯಲ್ಲಿ ಬಂದಿದೆ ತೋರಿಸಿ' ಅಂತ ಕೇಳುವವನು ಇದೇ ಹುಡುಗನೇ ಇರಬಹುದು. ಅವನಿಗೂ ಸಂಬಳ ಇಲ್ಲ, ಅಲ್ವಾ?

ಆಧಾರದ ಬೆಲೆ ಗೊತ್ತಾಗಬೇಕಾದರೆ ಕನ್ನಡದ ಮೊದಲ ಟಾಕಿಯನ್ನೇ, ಅಂದರೆ ಮೊದಲ ಮಾತಿನ ಸಿನಿಮಾವನ್ನೇ ನೋಡಿ. 'ಸತಿ ಸುಲೋಚನ' ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣ ಕೊಲ್ಲಾಪುರದಲ್ಲಿ. ವೈ.ವಿ. ರಾವ್ ನಿರ್ದೇಶನ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರು ರಾವಣ. ಇವತ್ತು ಆ ಸಿನಿಮಾದ ಪ್ರತಿ ಉಳಿದಿಲ್ಲ. ಅದನ್ನು ನೋಡಿ ಚಪ್ಪಾಳೆ ತಟ್ಟಿದವರೂ ಉಳಿದಿಲ್ಲ. ಅವರೂ ಕಣ್ಣಾರೆ ಕಂಡವರೇ. ನಮಗೆ ಸಿಕ್ಕಿರುವುದು ಪತ್ರಿಕೆಯ ಜಾಹೀರಾತು, ಒಂದಿಷ್ಟು ಫೋಟೋ, ಆ ಕಾಲದವರು ಬರೆದಿಟ್ಟ ನೆನಪು. ಸಿನಿಮಾ ಹೋಯಿತು, ಕಾಗದ ಉಳಿಯಿತು.

ಕಾಗದ ಅಂದರೆ ದೊಡ್ಡ ಗ್ರಂಥವೇ ಆಗಬೇಕೆಂದಿಲ್ಲ. ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ ನಿಮಗೆ ನೆನಪಿರಬೇಕು. ನನ್ನ ಮೇಜಿನ ಮೇಲೆ ಈಗ ಅಂಥದ್ದೊಂದಿದೆ. ಒರಟು ಕಾಗದ, ಮಧ್ಯದಲ್ಲಿ ಒಂದೇ ಪಿನ್ನು. ಪಿನ್ನು ತುಕ್ಕು ಹಿಡಿದು ಎರಡೂ ಕಡೆ ಕಂದು ಕಲೆ ಬಿದ್ದಿದೆ. ಮೊದಲ ಪುಟದಲ್ಲಿ ತಾರೆಯರ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಛಾಯಾಗ್ರಹಣ, ಶಬ್ದಗ್ರಹಣ, ಕಲೆ, ವಸ್ತ್ರಾಲಂಕಾರ, ಪ್ರಚಾರ, ಸ್ಟುಡಿಯೋ. ಆಮೇಲೆ ಕಥಾಸಾರಾಂಶ. ಅದು ನಾಯಕಿಯನ್ನು ಕಷ್ಟಕ್ಕೆ ನೂಕಿ, 'ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ' ಅಂತ ನಿಂತುಬಿಡುತ್ತದೆ. ಕಥೆ ಅರ್ಧ ಇದ್ದರೂ ಹೆಸರುಗಳ ಪಟ್ಟಿ ಪೂರ್ತಿ ಇದೆ. ಶಬ್ದಗ್ರಹಣ ಮಾಡಿದವರ ಸಹಾಯಕನ ಹೆಸರೂ ಇದೆ. ಆ ಸಹಾಯಕನ ಬಗ್ಗೆ ಲೋಕದಲ್ಲಿ ಬೇರೆ ಎಲ್ಲೂ ಒಂದು ಸಾಲು ಇಲ್ಲದಿರಬಹುದು. ಇಂಥ ಪುಸ್ತಕ ನಿಮ್ಮ ಮನೆಯ ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ ಇದ್ದರೆ, ಅದು ನೀವು ಧೈರ್ಯವಾಗಿ ಉಲ್ಲೇಖಿಸಬಹುದಾದ ಅಚ್ಚಾದ ಆಧಾರ. ಸಿನಿಮಾದ ಟೈಟಲ್ ಕಾರ್ಡೂ ಅಷ್ಟೆ. ಯಾರು ಏನು ಕೆಲಸ ಮಾಡಿದರು ಅನ್ನುವುದಕ್ಕೆ ಸಿನಿಮಾವೇ ಸಾಕ್ಷಿ. ನಿಲ್ಲಿಸಿ ನಿಲ್ಲಿಸಿ ನೋಡಿ ಬರೆದುಕೊಳ್ಳಿ.

ಟಿವಿಯದು ಇನ್ನೂ ಕಷ್ಟ. 'ಗುಡ್ಡದ ಭೂತ' ಬರುವ ಹೊತ್ತಿಗೆ ಟಿವಿ ಇದ್ದ ಮನೆಯ ಜಗಲಿ ತುಂಬುತ್ತಿತ್ತು. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ'ದ ಹೊತ್ತಿಗೆ ಊರಿನ ಕೆಲಸವೇ ನಿಲ್ಲುತ್ತಿತ್ತು. ಆ ಕಾಲದ ಎಷ್ಟು ಧಾರಾವಾಹಿಗಳಿಗೆ ಸರಿಯಾದ ಒಂದು ಪುಟ ಇದೆ? ಧಾರಾವಾಹಿಗೆ ಹಾಡಿನ ಪುಸ್ತಕ ಇರಲಿಲ್ಲ. ಕೊನೆಯಲ್ಲಿ ಓಡುವ ಹೆಸರುಗಳನ್ನು ಓದುವಷ್ಟರಲ್ಲಿ ಜಾಹೀರಾತು ಬರುತ್ತಿತ್ತು. ಪಾತ್ರಧಾರಿ ನಡುವೆ ಬದಲಾದರೆ ಯಾವ ತಿಂಗಳಲ್ಲಿ ಬದಲಾದರು ಅಂತ ಗುರುತು ಹಾಕಿದವರಿಲ್ಲ. 2020ರ ಲಾಕ್‌ಡೌನ್ ಹೊತ್ತಿಗೆ ಹಿಂದಿಯ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬಂತು, ಮನೆಮನೆಯಲ್ಲೂ ನೋಡಿದರು. ಕೃಷ್ಣನಿಗೆ, ಶಕುನಿಗೆ ಕನ್ನಡದ ದನಿ ಕೊಟ್ಟವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಇದು ಮೊನ್ನೆ ಮೊನ್ನೆಯ ಮಾತು. ಆಗಲೇ ಮರೆವು ಶುರುವಾಗಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬರೋಣ. ಗಿರೀಶ ಕಾರ್ನಾಡರ ಬಾಲ್ಯ ಶಿರಸಿಯದು. ಅಲ್ಲಿ ನೋಡಿದ ಯಕ್ಷಗಾನ, ಕಂಪನಿ ನಾಟಕ ತಮ್ಮೊಳಗೆ ಹೇಗೆ ಉಳಿಯಿತು ಅಂತ ಅವರೇ ಹೇಳಿದ್ದಾರೆ, ಬರೆದಿದ್ದಾರೆ. ಹಾಗಾಗಿ ಅದು ಲೋಕಕ್ಕೆ ಗೊತ್ತು. ಶಂಕರ್ ನಾಗ್ ಹೊನ್ನಾವರದ ಕಡೆಯವರು. ಅವರ ಬಗ್ಗೆ ಬರೆಯುವವರಿಗೆ ಕೊರತೆ ಇಲ್ಲ. ಇವರ ಪುಟಗಳನ್ನು ಯಾರಾದರೂ ನೋಡಿಕೊಳ್ಳುತ್ತಾರೆ. ನನ್ನ ಚಿಂತೆ ಇನ್ನೊಂದು ಸಾಲಿನವರದು. ಯಾಣದ ಬಂಡೆಗಳು 1996ರ 'ನಮ್ಮೂರ ಮಂದಾರ ಹೂವೇ' ಸಿನಿಮಾದಲ್ಲಿ ಕಂಡ ಮೇಲೆ ಎಲ್ಲೆಲ್ಲಿಂದಲೋ ಜನ ಬಂದರು. ಬಂಡೆಗೆ ಹೆಸರು ಬಂತು. ಇಂಥ ಶೂಟಿಂಗ್ ನಮ್ಮ ಘಟ್ಟದಲ್ಲಿ, ಗೋಕರ್ಣದಲ್ಲಿ, ಕಾರವಾರದ ಕಡಲ ದಂಡೆಯಲ್ಲಿ ಆಗುತ್ತಲೇ ಇರುತ್ತವೆ. ರಿಫ್ಲೆಕ್ಟರ್ ಹಿಡಿದ ನಮ್ಮ ಹುಡುಗ, ಜನಜಂಗುಳಿಯ ದೃಶ್ಯದಲ್ಲಿ ನಿಂತ ಅಜ್ಜಿ, ದೋಣಿ ಕೊಟ್ಟ ಮೀನುಗಾರ, ಇವರ ಹೆಸರು ಟೈಟಲ್ ಕಾರ್ಡಿನಲ್ಲಿ ಬರುವುದಿಲ್ಲ. ಊರಿನ ಬಾಯಿಮಾತಿನಲ್ಲಿ ಒಂದು ತಲೆಮಾರು ಇರುತ್ತದೆ, ಅಷ್ಟೆ. ನೀವು ಬರೆಯಲು ಹೊರಟಿದ್ದು ಇವರನ್ನು. ಅದಕ್ಕೇ ನಿಮ್ಮ ಪತ್ರ ಓದಿ ನನಗೆ ಅಷ್ಟು ಖುಷಿಯಾಯಿತು.

ನೀವು ಬಿಟ್ಟರೆ ಆ ಜಾಗ ಖಾಲಿ ಇರುತ್ತದೆ ಅಂದುಕೊಳ್ಳಬೇಡಿ. ಅಭಿಮಾನಿ ಬರುತ್ತಾನೆ. ಸಿನಿಮಾ ಪ್ರಚಾರದವರು ಬರುತ್ತಾರೆ. ದುಡ್ಡು ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಬೇಕು ಎಂಬ ನಿಯಮ ಇದೆ, ಹೇಳದವರೂ ಇದ್ದಾರೆ. ಯಂತ್ರವೂ ಬರುತ್ತದೆ. 2010ರ ಆಸುಪಾಸು ಗೂಗಲ್‌ನ ಯೋಜನೆಯೊಂದರಲ್ಲಿ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ಅನುವಾದ ಮಾಡಿಸಿ ಹಾಕಿದರು. ಹಾಲಿವುಡ್ ತಾರೆಯರ ಬಗ್ಗೆ ಉದ್ದುದ್ದ ಪುಟಗಳು ಬಂದವು. ಒಂದು ಸಾಲು ಓದಿ ಅರ್ಥ ಮಾಡಿಕೊಳ್ಳಲು ಮೂರು ಸಲ ಉಸಿರು ಎಳೆದುಕೊಳ್ಳಬೇಕು. ಅದೇ ಹೊತ್ತಿಗೆ ನಮ್ಮ ಪೋಷಕ ನಟಿಯರ ಪುಟ ಎರಡು ಸಾಲಿಗೆ ನಿಂತಿತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30 ಸಾವಿರಕ್ಕಿಂತ ಜಾಸ್ತಿ ಲೇಖನಗಳಿವೆ. ಕೋಟಿಗಟ್ಟಲೆ ಜನ ಆಡುವ ಭಾಷೆಗೆ ಇದು ಸಾಕಾ? ಬರೆಯುವವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರು ಬೇಸರಪಟ್ಟು ಎದ್ದು ಹೋದರೆ ನಷ್ಟ ದೊಡ್ಡದು.

'ಸುಮ್ನೆ' ಅನ್ನುವ ಮನೆಯವರಿಗೆ ನನ್ನ ಪರವಾಗಿ ಒಂದು ಮಾತು ಹೇಳಿ. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ವಿಶ್ವಕೋಶದ ಮೂರು ಸಂಪುಟ ಒಬ್ಬರೇ ಕೂತು ಬರೆದರು. ಅದೇ ಮನುಷ್ಯ ಮೂಕಿ ಸಿನಿಮಾ ಮಾಡಲೂ ಹೊರಟಿದ್ದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. 14 ಸಂಪುಟ ಮುಗಿಯಲು ಮೂರು ದಶಕಕ್ಕಿಂತ ಜಾಸ್ತಿ ಹಿಡಿಯಿತು. 2014ರಲ್ಲಿ ವಿಶ್ವವಿದ್ಯಾಲಯ ಅದನ್ನು ಎಲ್ಲರೂ ಬಳಸುವ ಹಾಗೆ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ರಾತ್ರಿ ಊಟ ಮುಗಿಸಿ, ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ ಕೂತು ನೀವು ಮಾಡುವುದು ಇದೇ ಕೆಲಸದ ಮುಂದುವರಿಕೆ. ದುಡ್ಡಿಲ್ಲದ ಕೆಲಸಕ್ಕೆ ನಮ್ಮ ಜಿಲ್ಲೆ ಯಾವತ್ತೂ ಹಿಂದೆ ಬಿದ್ದಿಲ್ಲ. ಬೆಳಗಿನ ತನಕ ತಾಳಮದ್ದಳೆಯಲ್ಲಿ ಅರ್ಥ ಹೇಳಿ, ಚಾ ಕುಡಿದು ಸೀದಾ ತೋಟಕ್ಕೆ ಹೋಗುವವರು ನಮ್ಮವರು.

ಆದರೆ ನಮ್ಮವರು ಆಡುತ್ತಾರೆ, ಬರೆದಿಡುವುದಿಲ್ಲ. ಬರೆದಿಟ್ಟದ್ದನ್ನು ಕಾಯುವುದಿಲ್ಲ. ಕರಾವಳಿಯ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ಹಿರಿಯರೊಬ್ಬರು ನನಗೆ ಪರಿಚಯವಿದ್ದರು. ಯಾವ ಸಿನಿಮಾ ಯಾವ ಶುಕ್ರವಾರ ಬಂತು, ಎಷ್ಟು ವಾರ ಓಡಿತು, ಯಾವ ರೀಲು ಹರಿದು ಬಂದಿತ್ತು ಅಂತೆಲ್ಲ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ನಾನು ಮನೆಗೆ ಹೋಗುವಷ್ಟರಲ್ಲಿ ಅವೆಲ್ಲ ರದ್ದಿಗೆ ಹೋಗಿದ್ದವು. ಮನೆಯವರ ತಪ್ಪಲ್ಲ, ಅದು ಬೇಕಾದದ್ದು ಅಂತ ಅವರಿಗೆ ಹೇಳಿದವರೇ ಇಲ್ಲ. ಹೇಳಬೇಕಾದ ಕಡೆಯೇ ಹೇಳುವುದಿಲ್ಲವಲ್ಲ. ನಾನು ಓದಿ ಬೆಳೆದ ಒಂದು ಗ್ರಂಥಾಲಯದಲ್ಲಿ ಜಿಲ್ಲೆಯ ವಾರಪತ್ರಿಕೆಯೊಂದರ ಹಳೇ ಸಂಚಿಕೆಗಳನ್ನು ಬೈಂಡ್ ಮಾಡಿ ಇಟ್ಟಿದ್ದರು. ಜಾಗ ಸಾಲದು ಅಂತ ಒಂದು ಮಳೆಗಾಲದಲ್ಲಿ ತೂಕಕ್ಕೆ ಕೊಟ್ಟುಬಿಟ್ಟರು. ಊರಿಗೆ ಬಂದ ನಟರ ಸಂದರ್ಶನ, ಟೂರಿಂಗ್ ಟಾಕೀಸಿನ ಜಾಹೀರಾತು, ಜಾತ್ರೆಯ ನಾಟಕ ಕಂಪನಿಗಳ ಸುದ್ದಿ, ಎಲ್ಲ ಆ ಮೂಟೆಯಲ್ಲಿ ಹೋಯಿತು. ನೀವು ಇವತ್ತು ಹುಡುಕುತ್ತಿರುವ ಆಧಾರ ಅದರಲ್ಲೇ ಇದ್ದಿರಬಹುದು.

ಆಧಾರ ಕೇಳಿದ ಹುಡುಗನ ಮೇಲಿನ ಸಿಟ್ಟನ್ನು ಈ ಕಡೆ ತಿರುಗಿಸಿ ಮೇಡಂ. ಬೆಂಗಳೂರಿನ ಪತ್ರಿಕೆಗಳ ಹಳೇ ಸಂಚಿಕೆ ಒಂದಷ್ಟಾದರೂ ಸಿಗುತ್ತವೆ. ಹಾಗಾಗಿ ಬೆಂಗಳೂರಿನ ಸ್ಟುಡಿಯೋ ಕಥೆ ವಿಕಿಪೀಡಿಯಕ್ಕೆ ಸಲೀಸಾಗಿ ಬರುತ್ತದೆ. ಶಿರಸಿಯದು, ಅಂಕೋಲೆಯದು ಬರುವುದಿಲ್ಲ. ಮಾರಿಕಾಂಬಾ ಜಾತ್ರೆಗೆ ಬಂದ ನಾಟಕ ಕಂಪನಿಗಳ ಕರಪತ್ರ ಒಟ್ಟು ಮಾಡಿದವರು ಯಾರು? ಮುಚ್ಚಿದ ಟಾಕೀಸುಗಳ ಗೋಡೆಯ ಫೋಟೋ ತೆಗೆದವರು ಯಾರು? ಪ್ರತಿ ತಾಲೂಕಿನಲ್ಲೂ ಸಾಹಿತ್ಯ ಸಮ್ಮೇಳನ ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ಒಂದು ಸ್ಕ್ಯಾನರ್ ತರಲು ಯಾರಿಗೂ ತೋಚುವುದಿಲ್ಲ. ಒಂದು ಶಾಲಿನ ದುಡ್ಡಿನಲ್ಲಿ ಹಳೇ ಪತ್ರಿಕೆಯ ಎಷ್ಟು ಪುಟ ಸ್ಕ್ಯಾನ್ ಆಗುತ್ತಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಕೆಲಸ. ಆ ಶೂಟಿಂಗ್ ಬಗ್ಗೆ ನಮಗೊಂದು ಲೇಖನ ಬರೆಯಿರಿ. ಯಾವ ವರ್ಷ, ಯಾವ ತಿಂಗಳು, ಮಳೆ ಇತ್ತೋ ಇಲ್ಲವೋ, ಯಾರು ಏನು ಪಾತ್ರ ಮಾಡಿದರು ಎಲ್ಲ ಇರಲಿ. ನಿಮಗೆ ನೆನಪಿರುವುದಷ್ಟೇ ಸಾಲದು. ಅಲ್ಲಿದ್ದ ಇನ್ನೂ ಒಂದಿಬ್ಬರನ್ನು ಮಾತಾಡಿಸಿ. ತಾರೀಕು ಹೊಂದದಿದ್ದರೆ ಯಾರು ಏನು ಹೇಳಿದರು ಅಂತ ಹಾಗೆಯೇ ಬರೆಯಿರಿ, ನೀವೇ ತೀರ್ಪು ಕೊಡಬೇಡಿ. ಮನೆಯವರನ್ನು ಕೇಳದೆ ಮನೆಯ ಹೆಸರು ಹಾಕುವುದು ಬೇಡ. ಹಳೇ ಫೋಟೋ ಇದ್ದರೆ ಕಳಿಸಿ. ಆದರೆ ಅದನ್ನು ವಿಕಿಪೀಡಿಯಕ್ಕೆ ಹಾಕುವ ಮೊದಲು ತೆಗೆದವರ ಒಪ್ಪಿಗೆ ಬೇಕು, ಫೋಟೋದ ಹಕ್ಕು ಅವರದ್ದು. ನಾವು ಇಲ್ಲಿ ಕೂತು ಹೆಸರು, ಇಸವಿ ಮತ್ತೆ ಪರಿಶೀಲಿಸಿ ಅಚ್ಚು ಮಾಡುತ್ತೇವೆ.

ಅಚ್ಚಾದ ಮೇಲೆ ನೀವೇ ಹೋಗಿ ನಿಮ್ಮ ಲೇಖನವನ್ನು ಆಧಾರ ಅಂತ ಸೇರಿಸಬೇಡಿ. ಚರ್ಚೆ ಪುಟದಲ್ಲಿ ಸಂಚಿಕೆಯ ವಿವರ ಕೊಟ್ಟು, ಇದು ನಾನೇ ಬರೆದದ್ದು ಎಂದು ಹೇಳಿ, ಸೇರಿಸಬಹುದಾ ಅಂತ ಕೇಳಿ. ಅಲ್ಲಿ ಯಾರೂ ಉತ್ತರ ಕೊಡದಿದ್ದರೆ 'ಅರಳಿಕಟ್ಟೆ'ಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಎಲ್ಲರೂ ಸೇರಿ ಚರ್ಚಿಸುವ ಪುಟದಲ್ಲಿ ಕೇಳಿ. ಬೇಕಾದರೆ ಆ ಹುಡುಗನನ್ನೇ ಕೇಳಿ, ಅವನ ಹೆಸರು ಪುಟದ ಇತಿಹಾಸದಲ್ಲಿ ಇದ್ದೇ ಇದೆ. ಮುಂದಿನ ಸಂಚಿಕೆಗೆ ಎರಡು ಪುಟ ತೆಗೆದಿಟ್ಟಿದ್ದೇನೆ. ಕೈಬರಹದಲ್ಲಿ ಕಳಿಸಿದರೂ ಆಗುತ್ತದೆ, ಟೈಪ್ ಮಾಡುವವರು ನಮ್ಮಲ್ಲಿದ್ದಾರೆ. ಅಡಿಕೆ ಕೊಯ್ಲು ಶುರುವಾಗುವ ಮೊದಲು ಬರೆದು ಮುಗಿಸಿ, ಆಮೇಲೆ ನಿಮಗೆ ಪುರುಸೊತ್ತು ಸಿಗುವುದಿಲ್ಲ.