ಬೀಚಿಗೆ ಜನ ಬರುವ ಮೊದಲು ಗೋಕರ್ಣ ಹೇಗೆ ಬದುಕುತ್ತಿತ್ತು?

ನೀವು ಎರಡು ಸಲ ಗೋಕರ್ಣಕ್ಕೆ ಬಂದು, ಎರಡೂ ಸಲ ಓಂ ಬೀಚಿನಲ್ಲೇ ಉಳಿದು ಹೋಗಿದ್ದೀರಿ. ಪ್ರವಾಸಿಗರು ಬರುವ ಮೊದಲು ಈ ಊರಲ್ಲಿ ಏನಿತ್ತು, ಜನ ಏನು ಮಾಡಿಕೊಂಡಿದ್ದರು ಎಂದು ಕೇಳಿದ್ದೀರಿ. ನಾನು ಇಲ್ಲಿನ ಪವಿತ್ರ ಕೊಳವಾದ ಕೋಟಿತೀರ್ಥದ ಹತ್ತಿರದ ಕೇರಿಯಲ್ಲಿ ಹುಟ್ಟಿ ಬೆಳೆದವಳು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಎಷ್ಟೋ ವರ್ಷದಿಂದ ಕಾದಿದ್ದೇನೆ.

ಹೊರಗಿನವರು ಬಾರದ ಕಾಲ ಎಂಬುದು ಗೋಕರ್ಣಕ್ಕೆ ಇರಲೇ ಇಲ್ಲ. ಕಾಳಿದಾಸನ ರಘುವಂಶದಲ್ಲಿ ನಾರದ ವೀಣೆ ಹಿಡಿದು ಹೊರಟದ್ದು ದಕ್ಷಿಣ ಸಮುದ್ರದ ದಡದ ಗೋಕರ್ಣೇಶ್ವರನ ಸೇವೆಗೇ. 1676ರ ಶಿವರಾತ್ರಿಗೆ ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ ಇಲ್ಲಿಗೆ ಬಂದು, ಕಂಡ ಉತ್ಸವವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬಂದವರಿಗೆ ಜಾಗ ಕೊಡುವುದು, ಊಟ ಹಾಕುವುದು ನಮ್ಮೂರಿನ ಹಳೆಯ ಕಸುಬು.

ನನ್ನ ಬಾಲ್ಯದಲ್ಲಿ ಲಾಡ್ಜ್ ಎಂದರೆ ಮನೆಯೇ. ದೇವಸ್ಥಾನದಲ್ಲಿ ವಂಶಪಾರಂಪರ್ಯವಾಗಿ ಪೂಜೆಯ ಹಕ್ಕಿರುವವರನ್ನು ಉಪಾಧಿವಂತರು ಎನ್ನುತ್ತೇವೆ. ಯಾತ್ರಿಕರು ಇಳಿದುಕೊಳ್ಳುತ್ತಿದ್ದದ್ದು ಅವರ ಮನೆಗಳಲ್ಲಿ. ‘ಇಂಥ ದಿನ ಅಪ್ಪನ ಕಾರ್ಯಕ್ಕೆ ಐದು ಜನ ಬರುತ್ತೇವೆ’ ಎಂದು ಮೊದಲೇ ಒಂದು ಕಾರ್ಡು ಬರುತ್ತಿತ್ತು. ಹೆಬ್ಬಾಗಿಲು ದಾಟಿದರೆ ಉದ್ದನೆಯ ಜಗಲಿ, ಹಿಂದೆ ಬಾವಿ, ಅದರಾಚೆ ತೆಂಗಿನ ತೋಟ. ಜಗಲಿಯಲ್ಲಿ ಚಾಪೆ ಹಾಸಿಕೊಟ್ಟರೆ ಮುಗಿಯಿತು. ಬೆಳಗ್ಗೆ ಸಮುದ್ರದಲ್ಲಿ ಮಿಂದು, ಕೋಟಿತೀರ್ಥದಲ್ಲಿ ಮಿಂದು, ಮಹಾಗಣಪತಿಗೆ ಕೈಮುಗಿದು ಆಮೇಲೆ ಮಹಾಬಲೇಶ್ವರ. ಮಧ್ಯಾಹ್ನ ಬಾಳೆಲೆ ಊಟ. ಕೆಲವರು ತಮ್ಮ ಅಜ್ಜ ಬಂದುಹೋದ ವರ್ಷವನ್ನು ಯಾತ್ರಿಕರು ಸಹಿ ಹಾಕುತ್ತಿದ್ದ ನಮ್ಮ ಮನೆಯ ಹಳೆಯ ಪುಸ್ತಕದಲ್ಲಿ ಹುಡುಕಿಸಿ, ಆ ಸಹಿಯ ಮೇಲೆ ಬೆರಳಾಡಿಸಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಆಗ ಊರಿನ ಮುಖ ದೇವಸ್ಥಾನದ ಕಡೆಗೇ ಇತ್ತು. ಸಮುದ್ರ ಮೀಯುವುದಕ್ಕೆ, ಪಿಂಡ ಬಿಡುವುದಕ್ಕೆ, ಬಲೆ ಎಳೆಯುವುದಕ್ಕೆ. ಬೇಲೆಯ, ಅಂದರೆ ಕಡಲ ದಂಡೆಯ ಮರಳಿನ ಮೇಲೆ ಸುಮ್ಮನೆ ಮಲಗಿ ಬಿಸಿಲು ಕಾಯಿಸಿಕೊಳ್ಳಬಹುದು ಎಂಬುದು ನಮಗೆ ತೋಚಿರಲೂ ಇಲ್ಲ. ಕುಡ್ಲೆ, ಓಂ ಎಲ್ಲ ಗುಡ್ಡದಾಚೆಯ ಜಾಗ. ದನ ತಪ್ಪಿಸಿಕೊಂಡರೆ ಮಾತ್ರ ನಾವು ಅತ್ತ ಹೋಗುತ್ತಿದ್ದೆವು. ಗೋವಾದಲ್ಲಿ ಗಲಾಟೆ ಹೆಚ್ಚಾಯಿತೆಂದು ವಿದೇಶಿಯರು ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಹತ್ತಿ ಇಳಿದು ಅಲ್ಲಿ ಉಳಿಯತೊಡಗಿದರು. ಮಡಲಿನ ಗುಡಿಸಲು, ಒಂದು ಚಹಾ ಅಂಗಡಿ, ಹಾಗೆ ಶುರುವಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಗೋಕರ್ಣ ರೋಡ್ ನಿಲ್ದಾಣ ಊರಿಂದ ಸುಮಾರು 10 ಕಿಲೋಮೀಟರ್ ದೂರವಿದ್ದರೂ ಬೆಂಗಳೂರಿನ, ಮುಂಬೈಯ ಮಕ್ಕಳು ಬಂದೇ ಬಂದರು. ಉಳಿದದ್ದನ್ನು ನೀವೇ ನೋಡಿದ್ದೀರಿ.

ಊರಿನ ಹೊಟ್ಟೆ ತುಂಬಿಸಿದ್ದು ಯಾತ್ರಿಕರು ಮಾತ್ರ ಅಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಉತ್ತರಕ್ಕೆ ಗಂಗಾವಳಿ ನದಿ, ದಕ್ಷಿಣಕ್ಕೆ ಅಘನಾಶಿನಿ ನದಿ, ನಡುವೆ ನಾವು. ಅಘನಾಶಿನಿಗೆ ಇವತ್ತಿಗೂ ದೊಡ್ಡ ಅಣೆಕಟ್ಟಿಲ್ಲ, ಅದು ನಮ್ಮ ಪುಣ್ಯ. ಅದು ಕಡಲು ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರು ನುಗ್ಗಿದರೂ ಅದು ತಾಳಿಕೊಳ್ಳುತ್ತದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. ನೀರಿಳಿದಾಗ ಹೆಂಗಸರು ಸೊಂಟದ ತನಕ ಇಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಕಗ್ಗದಕ್ಕಿಯ ಗಂಜಿ ಕುಡಿದವರಿಗೆ ಬೇರೆ ಗಂಜಿ ರುಚಿಸುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ನಾನೂ ಅದನ್ನೇ ಹೇಳುತ್ತೇನೆ.

ಪಕ್ಕದ ಊರು ಸಾಣಿಕಟ್ಟೆಯ ಉಪ್ಪಂತೂ ನಮ್ಮ ಹೆಮ್ಮೆ. ಉಬ್ಬರದ ನೀರನ್ನು ದೊಡ್ಡ ಕಟ್ಟೆಗಳಿಗೆ ಬಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಹರಿಸುತ್ತ, ಬಿಸಿಲಲ್ಲಿ ಗಟ್ಟಿಯಾಗಿಸಿ, ಕೊನೆಗೆ ಸಣ್ಣ ಆಗರಗಳಲ್ಲಿ ಹರಳು ಕಟ್ಟಿಸುತ್ತಾರೆ. ಆಗೇರ ಸಮುದಾಯಕ್ಕೆ ಆ ಹೆಸರು ಬಂದದ್ದು ಈ ಆಗರದಿಂದಲೇ ಎನ್ನುತ್ತಾರೆ. ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ಉಪ್ಪೆಳೆಯುವ ಕೆಲಸ ಎಷ್ಟು ಕಷ್ಟದ್ದು ಎಂದು ದಡದಲ್ಲಿ ನಿಂತವರಿಗೂ ತಿಳಿಯುತ್ತದೆ, ಕಣ್ಣು ಕುಕ್ಕುತ್ತದೆ. ಮಳೆ ಬಿತ್ತೆಂದರೆ ಆ ವರ್ಷದ ಉಪ್ಪು ಮುಗಿದ ಹಾಗೆ. ಪಕ್ಕದ ಅಂಕೋಲೆಯವರು 1930ರ ಏಪ್ರಿಲ್ 13ರಂದು ಉಪ್ಪಿನ ಕಾಯಿದೆ ಮುರಿದರಲ್ಲ, ಉಪ್ಪಿನ ಬೆಲೆ ಗೊತ್ತಿದ್ದ ಸೀಮೆ ಇದು.

ಬೆಳಗಿನ ಹೊತ್ತು ಪೇಟೆಗೆ ಬಂದರೆ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರು ಸಾಲಾಗಿ ಕುಳಿತಿರುತ್ತಾರೆ. ಕೊರಳ ತುಂಬ ಮಣಿಸರ, ಮುಂದೆ ಹರಿವೆ, ಬಸಳೆ, ಬದನೆ. ದಯವಿಟ್ಟು ಕೇಳದೆ ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಒಂದು ಕಟ್ಟು ಸೊಪ್ಪು ಕೊಂಡು ಮಾತಾಡಿಸಿ, ಅವರಾಗಿಯೇ ನಗುತ್ತಾರೆ.

ಬೀಚಿನಿಂದ ನಮಗೆ ಒಳ್ಳೆಯದಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದ ಹುಡುಗರು ಊರಲ್ಲೇ ಉಳಿದಿದ್ದಾರೆ, ರಿಕ್ಷಾ ಓಡಿಸುವವರ ಮನೆಗೆ ಹೆಂಚು ಹೋಗಿ ತಾರಸಿ ಬಂದಿದೆ. ಆದರೆ ನನ್ನನ್ನು ನಿಜವಾಗಿ ಕಾಡುವುದು ನೀರು. ಕಸ ಕಣ್ಣಿಗೆ ಕಾಣುತ್ತದೆ, ಎತ್ತಬಹುದು. ಬಾವಿಯ ನೀರು ಕೆಟ್ಟರೆ ಏನು ಮಾಡುವುದು? ನಮ್ಮ ಮನೆಯ ಬಾವಿಯಿಂದ ಕುಡಿಯುವುದನ್ನು ನಾವು ಬಿಟ್ಟಿದ್ದೇವೆ. ಅಷ್ಟೊಂದು ಯಾತ್ರಿಕರಿಗೆ ನೀರು ಕೊಟ್ಟ ಬಾವಿ ಅದು.

ಮೂರನೆಯ ಸಲ ಬರುವುದಾದರೆ ಏಪ್ರಿಲ್‌ನಲ್ಲಿ ಬೆಳಗಿನ ಜಾವವೇ ಸಾಣಿಕಟ್ಟೆಗೆ ಹೋಗಿ, ಆಗ ಉಪ್ಪಿನ ರಾಶಿ ಬಿದ್ದಿರುತ್ತದೆ. ಇಲ್ಲವೆ ದೀಪಾವಳಿಗೆ ಬನ್ನಿ. ಆ ಹೊತ್ತಿಗೆ ಮಹಾಬಲೇಶ್ವರನಿಗೂ ಗಂಗಾವಳಿ ಊರಿನ ಗಂಗಾಮಾತೆಗೂ ಕಡಲ ದಂಡೆಯಲ್ಲಿ ಮದುವೆ ಇರುತ್ತದೆ. ದೇವರ ಪಲ್ಲಕ್ಕಿ ಮರಳಿನ ಮೇಲೆ ಬರುತ್ತದೆ, ಎರಡೂ ಊರಿನವರು ಬೀಗರ ಹಾಗೆ ಸೇರುತ್ತಾರೆ. ಗಂಡಿನ ಕಡೆಯವರ ಜೊತೆ ನಿಲ್ಲಿ, ನಾವೂ ಅಲ್ಲೇ ಇರುತ್ತೇವೆ.